ಹೆದರಿಕೊಂಡೇ ಹದ್ದಿನ ಬೆನ್ನು ಹತ್ತುವ ಕಾಜಾಣ

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಊರು ಚಳ್ಳಕೆರೆ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಆಫೀಸ್ ಮೀಟಿಂಗ್‌ನಲ್ಲಿ ಹೇಳಬೇಕಾದ ಮಾತು ಗಂಟಲಲ್ಲೇ ಉಳಿದುಹೋಗುತ್ತದೆ. ಊರಿಗೆ ಹೋದರೆ ಅಣ್ಣ ನನ್ನನ್ನು ಕರೆಯುವುದೇ ‘ಹೆದರುಪುಕ್ಕಲಿ’ ಅಂತ. ಪಿಜಿ ಪಕ್ಕದ ಕೆರೆ ಏರಿ ಮೇಲೆ ದಿನಾ ವಾಕಿಂಗ್ ಹೋಗುತ್ತೇನೆ. ಮೊನ್ನೆ ಅಲ್ಲಿ ಒಂದು ಕಾಜಾಣ ಅಷ್ಟು ದೊಡ್ಡ ಹದ್ದನ್ನು ಕುಕ್ಕಿ ಕುಕ್ಕಿ ಓಡಿಸುವುದನ್ನು ನೋಡಿದೆ. ಯಾಕೋ ಕಣ್ಣಲ್ಲಿ ನೀರು ಬಂತು. ಹಕ್ಕಿಗಳಿಗೆ ಭಯವೇ ಇಲ್ವಾ? ಅವುಗಳ ಹಾಗೆ ಧೈರ್ಯವಾಗಿ, ನಾನು ನಾನಾಗಿ ಇರುವುದು ಹೇಗೆ?

ಉತ್ತರ: ಮೊದಲು ಅಣ್ಣನ ವಿಷಯ. ಪುಕ್ಕ ಇರುವ ಜೀವಗಳ ಹಿಂದೆ ಮೂವತ್ತು ವರ್ಷ ಅಲೆದವಳು ನಾನು. ‘ಹೆದರುಪುಕ್ಕಲಿ’ ಅನ್ನುವ ಬೈಗುಳ ಕೇಳಿದರೆ ನನಗೆ ನಗು ಬರುತ್ತದೆ. ಹೆದರದ ಹಕ್ಕಿಯನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ. ಕಾಳು ಹೆಕ್ಕುವ ಗುಬ್ಬಚ್ಚಿಯನ್ನು ಒಂದು ನಿಮಿಷ ಗಮನಿಸಿ. ಒಂದು ಕಾಳು, ಒಮ್ಮೆ ತಲೆ ಎತ್ತಿ ಸುತ್ತ ಒಂದು ನೋಟ. ಇನ್ನೊಂದು ಕಾಳು, ಇನ್ನೊಂದು ನೋಟ. ಹಾಗೆ ನೋಡದ ಗುಬ್ಬಚ್ಚಿ ಬೆಕ್ಕಿನ ಬಾಯಿಗೆ ಹೋಗುತ್ತದೆ. ಹಕ್ಕಿಗೆ ಭಯ ಅಂದರೆ ದಿನದ ಊಟದಷ್ಟೇ ಮಾಮೂಲಿ.

ಹಾಗಾದರೆ ನೀವು ನೋಡಿದ್ದು ಏನು? ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕಾಜಾಣದಿಂದ ಅಲ್ಲ, ಟಿಟ್ಟಿಭದಿಂದ. ನಿಮ್ಮ ಕೆರೆಯಲ್ಲೂ ಅದು ಇದ್ದೇ ಇರುತ್ತದೆ. ಉದ್ದ ಹಳದಿ ಕಾಲು, ಕಪ್ಪು ತಲೆ, ಕಣ್ಣಿನ ಮುಂದೆ ಕುಂಕುಮ ಮೆತ್ತಿದ ಹಾಗೆ ಕೆಂಪು ಚರ್ಮ. ಜನ ಕಂಡರೆ ಸಾಕು, ಟಿಟ್ಟಿಟ್ಟಿಟ್ಟೀ ಅಂತ ಇಡೀ ಕೆರೆಗೆ ಕೇಳುವಂತೆ ಕೂಗುತ್ತದೆ.

ತುಮಕೂರು ಕಡೆಯ ಒಂದು ಕೆರೆ. ಮಾರ್ಚ್ ಕೊನೆ. ನೀರು ಹಿಂದೆ ಸರಿದು, ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ನಾನು ಮೇಲೆ ಹಾರುವ ಹಕ್ಕಿ ನೋಡುತ್ತಾ ನಡೆಯುತ್ತಿದ್ದೆ, ನೆಲ ನೋಡಿರಲಿಲ್ಲ. ಇದ್ದಕ್ಕಿದ್ದಂತೆ ಒಂದು ಟಿಟ್ಟಿಭ ನೆತ್ತಿಗೆ ಒಂದು ಗೇಣು ಅಂತರದಲ್ಲಿ ಬಂದು ಹೋಯಿತು. ರೆಕ್ಕೆಯ ಗಾಳಿ ಕಿವಿಗೆ ತಾಗಿತು. ತಿರುಗಿ ಮತ್ತೆ ಬಂತು. ನಾನು ಅಲ್ಲೇ ನಿಂತು ಕಾಲ ಬುಡ ನೋಡಿದೆ. ನಾಲ್ಕೇ ಹೆಜ್ಜೆ ಮುಂದೆ ಗೂಡು. ಗೂಡು ಅಂದರೆ ಗೂಡೇನಲ್ಲ, ನೆಲದಲ್ಲಿ ಒಂದು ತಟ್ಟೆಯಷ್ಟು ಕೆರೆದ ತಗ್ಗು. ಸುತ್ತ ಸಣ್ಣ ಕಲ್ಲು, ನಾಲ್ಕಾರು ಮೇಕೆ ಹಿಕ್ಕೆ. ಒಳಗೆ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಕಣ್ಣು ಒಮ್ಮೆ ಪಕ್ಕಕ್ಕೆ ಸರಿದರೆ ಮತ್ತೆ ಹುಡುಕಬೇಕು, ಅಷ್ಟು ನೆಲದಂತೆಯೇ ಇದ್ದವು.

ಆಗ ನನಗೆ ವಯಸ್ಸು ಚಿಕ್ಕದು, ಕೈಯಲ್ಲಿ ಹೊಸ ಕ್ಯಾಮೆರಾ. ದೂರ ಸರಿಯಬೇಕಿತ್ತು. ಸರಿಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಫೋಟೊ ತೆಗೆದೆ. ಗಂಡು ಹೆಣ್ಣು ಎರಡೂ ಸುತ್ತಿ ಸುತ್ತಿ ಕೂಗುತ್ತಿದ್ದವು. ‘ಎಷ್ಟು ಧೈರ್ಯ!’ ಅಂತ ಖುಷಿಪಡುತ್ತಿದ್ದೆ ನಾನು. ಆ ಗಲಾಟೆಗೆ ಎರಡು ಕಾಗೆ ಬಂದು ಏರಿ ಮೇಲಿನ ಜಾಲಿ ಮರದಲ್ಲಿ ಕೂತಿದ್ದು ನನಗೆ ಕಾಣಿಸಿತ್ತು. ಕಂಡರೂ ಅದರ ಅರ್ಥ ಹೊಳೆಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೋದರೆ ತಗ್ಗು ಖಾಲಿ. ಟಿಟ್ಟಿಭಗಳ ಸದ್ದೂ ಇರಲಿಲ್ಲ.

ಆ ಹಕ್ಕಿಯನ್ನು ಧೈರ್ಯದ ಬೊಂಬೆ ಮಾಡಿಕೊಂಡು ನೋಡುವುದನ್ನು ನಾನು ಬಿಟ್ಟಿದ್ದು ಆವತ್ತಿನಿಂದ. ಅದು ನನಗೆ ಪಾಠ ಹೇಳಲು ಕೂಗುತ್ತಿರಲಿಲ್ಲ. ‘ಹೋಗೇ ಆಚೆ’ ಅಂತ ಕೂಗುತ್ತಿತ್ತು. ಟಿಟ್ಟಿಭ ಕೂಗಿದರೆ ಮಾಡಬೇಕಾದ್ದು ಒಂದೇ: ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಹಿಂದಕ್ಕೆ.

ಆದರೂ ಅದು ಯಾಕೆ ಓಡಿಹೋಗಲಿಲ್ಲ ಅನ್ನುವ ಪ್ರಶ್ನೆ ಉಳಿಯುತ್ತದೆ. ಅದೇ ಟಿಟ್ಟಿಭ ನವೆಂಬರ್‌ನಲ್ಲಿ, ಮೊಟ್ಟೆ ಇಲ್ಲದ ಕಾಲದಲ್ಲಿ, ನಾನು ದೂರದಲ್ಲಿ ಕಂಡರೂ ಹಾರಿಹೋಗುತ್ತದೆ. ಹಕ್ಕಿ ಅದೇ, ಮನುಷ್ಯಳೂ ಅದೇ. ಬದಲಾಗಿದ್ದು ಕಾಲ ಬುಡದಲ್ಲಿರುವ ನಾಲ್ಕು ಮೊಟ್ಟೆ. ಅನೇಕ ಜಾತಿಯ ಹಕ್ಕಿಗಳಲ್ಲಿ ಕಂಡುಬಂದ ವಿಷಯ ಇದು: ಮೊಟ್ಟೆ ಒಡೆಯುವ ದಿನ ಹತ್ತಿರವಾದಷ್ಟೂ, ಮರಿ ದೊಡ್ಡದಾದಷ್ಟೂ ತಂದೆತಾಯಿ ಜಾಸ್ತಿ ಅಪಾಯಕ್ಕೆ ಇಳಿಯುತ್ತವೆ. ಮೊದಲ ವಾರ ಹಾರಿಹೋದ ಹಕ್ಕಿಯೇ ನಾಲ್ಕನೇ ವಾರ ನಿಮ್ಮ ತಲೆಗೆ ಎರಗುತ್ತದೆ. ಇಷ್ಟು ದಿನ ಬಿಸಿಲಲ್ಲಿ ಕೂತು ಕಾವು ಕೊಟ್ಟದ್ದಕ್ಕೆ, ಸುಡುವ ಮಧ್ಯಾಹ್ನ ಹೊಟ್ಟೆಯ ಗರಿ ನೀರಲ್ಲಿ ನೆನೆಸಿ ತಂದು ಮೊಟ್ಟೆ ತಂಪು ಮಾಡಿದ್ದಕ್ಕೆ ಒಂದು ಬೆಲೆ ಇದೆ, ಅಲ್ವಾ?

ಇದು ಮೈಯೊಳಗೂ ನಡೆಯುತ್ತದೆ. ಹೆದರಿದಾಗ ಹಕ್ಕಿಯ ರಕ್ತದಲ್ಲಿ ಒಂದು ಹಾರ್ಮೋನು ಏರುತ್ತದೆ, ಕಾರ್ಟಿಕೋಸ್ಟೆರಾನ್ ಅಂತ. ಗುಬ್ಬಚ್ಚಿಗಳ ಮೇಲೆ ಒಂದು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕೆಲವು ಗೂಡುಗಳಿಗೆ ಮರಿ ಸೇರಿಸಿ, ಕೆಲವು ಗೂಡುಗಳಿಂದ ಮರಿ ತೆಗೆದು ನೋಡಿದ್ದರು. ಹಕ್ಕಿಯನ್ನು ಹಿಡಿದಾಗ, ಜಾಸ್ತಿ ಮರಿ ಇದ್ದ ತಾಯಿತಂದೆಯಲ್ಲಿ ಆ ಹಾರ್ಮೋನು ಏರಿದ್ದು ಕಡಿಮೆ. ಉಳಿಸಿಕೊಳ್ಳುವುದು ಎಷ್ಟಿದೆ ಅನ್ನುವ ಲೆಕ್ಕವನ್ನು ಮೈಯೇ ಹಾಕುತ್ತಿತ್ತು.

ಕಾಜಾಣದ ಕಥೆಯೂ ಇದೇ. ಅದರ ತೂಕ ಸುಮಾರು 50 ಗ್ರಾಂ. ಹದ್ದು ಅದರ ಹತ್ತು ಹನ್ನೆರಡು ಪಟ್ಟಿಗಿಂತ ಜಾಸ್ತಿ. ಆದರೆ ನೀವು ನೋಡಿದಾಗ ಒಂದು ವಿಷಯ ಗಮನಿಸಿರಬೇಕು: ಕಾಜಾಣ ಸಾಮಾನ್ಯವಾಗಿ ಹದ್ದಿನ ಮುಂದೆ ಹೋಗುವುದಿಲ್ಲ. ಮೇಲಿನಿಂದ, ಹಿಂದಿನಿಂದ ಬರುತ್ತದೆ. ಹದ್ದಿನ ಕೊಕ್ಕೂ ಉಗುರೂ ಅಲ್ಲಿಗೆ ಎಟುಕುವುದಿಲ್ಲ. ಅಷ್ಟು ಅಗಲದ ರೆಕ್ಕೆಯವನಿಗೆ ಗಕ್ಕನೆ ತಿರುಗಲು ಬರುವುದಿಲ್ಲ, ಇದಕ್ಕೆ ಬರುತ್ತದೆ. ತನ್ನ ಮರದಿಂದ ಸ್ವಲ್ಪ ದೂರ ಅಟ್ಟಿ, ಅಲ್ಲಿಂದ ವಾಪಸ್. ಊರಾಚೆವರೆಗೆ ಅಟ್ಟಿಕೊಂಡು ಹೋಗುವ ಹಟ ಇಲ್ಲ. ಸಿನಿಮಾದ ಹೀರೊ ಥರ ಎದೆ ಕೊಟ್ಟು ನಿಲ್ಲುವ ಕಾಜಾಣಕ್ಕೆ ಮೊಮ್ಮಕ್ಕಳು ಹುಟ್ಟುವುದಿಲ್ಲ ಬಿಡಿ.

ಕಾಜಾಣ ಗೂಡು ಕಟ್ಟಿದ ಮರದಲ್ಲೇ ಪಾರಿವಾಳದ ಜಾತಿಯ ಬೆಳವ, ಪಿಕಳಾರ, ಹಳದಿ ಬಣ್ಣದ ಹೊನ್ನಕ್ಕಿ ಇವೂ ಗೂಡು ಕಟ್ಟುವುದುಂಟು. ಜಗಳಗಂಟಿ ಪಕ್ಕದ ಮನೆಯವಳಿದ್ದರೆ ಕಳ್ಳರ ಕಾಟ ಇಲ್ಲ ಅನ್ನುವ ಹಾಗೆ. ಬೆಳವ ಹದ್ದನ್ನು ಅಟ್ಟುವುದಿಲ್ಲ, ಅಟ್ಟುವವರ ಪಕ್ಕ ಮನೆ ಮಾಡುತ್ತದೆ. ಅದನ್ನು ಪುಕ್ಕಲು ಅನ್ನಬೇಕಾ, ಜಾಣ ಅನ್ನಬೇಕಾ, ನೀವೇ ಹೇಳಿ.

ಇನ್ನೊಂದು ಸಂಗತಿ. ಹದ್ದನ್ನೋ ಗೂಬೆಯನ್ನೋ ಸಣ್ಣ ಹಕ್ಕಿಗಳು ಬಹಳ ಸಲ ಗುಂಪಾಗಿ ಅಟ್ಟುತ್ತವೆ. ಲಾಟ್ವಿಯಾ ದೇಶದ ಕಾಡಿನಲ್ಲಿ ಪೈಡ್ ಫ್ಲೈಕ್ಯಾಚರ್ ಎಂಬ ಪುಟ್ಟ ನೊಣಹಿಡುಕ ಹಕ್ಕಿಗಳ ಮೇಲೆ ಒಂದು ಪ್ರಯೋಗ ಮಾಡಿದರು, 2008ರಲ್ಲಿ ಪ್ರಕಟವಾಯಿತು. ಒಂದು ಜೋಡಿಯ ಗೂಡಿನ ಹತ್ತಿರ ಗೂಬೆಯ ಬೊಂಬೆ ಇಟ್ಟರು. ಪಕ್ಕದ ಒಂದು ಜೋಡಿ ಬಂದು ಸಹಾಯ ಮಾಡಿತು. ಇನ್ನೊಂದು ಜೋಡಿಯನ್ನು ಸಂಶೋಧಕರೇ ಹಿಡಿದಿಟ್ಟಿದ್ದರು, ಪಾಪ, ಅದಕ್ಕೆ ಬರಲು ಆಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಈ ಎರಡೂ ಪಕ್ಕದ ಮನೆಗಳಲ್ಲಿ ಗೂಬೆ ಇಟ್ಟರು. ಮೊದಲ ಜೋಡಿ ಬಹುತೇಕ ಪ್ರತಿ ಸಲವೂ ತನಗೆ ನೆರವಾದವರ ಮನೆಗೇ ಹೋಯಿತು. ಬಾರದವರ ಕಡೆ ತಿರುಗಿಯೂ ನೋಡಲಿಲ್ಲ. ಒಂಟಿ ಹಕ್ಕಿಯ ಎದೆಗಾರಿಕೆ ಅಂತ ನಾವು ಫೋಟೊ ಹಾಕಿ ಕೆಳಗೆ ಏನೇನೋ ಬರೆಯುತ್ತೇವೆ. ಅದರ ಹಿಂದೆ ಇಂಥ ಮುಯ್ಯಿ ಲೆಕ್ಕವೂ ಇರಬಹುದು. ನಿಮ್ಮ ಟೀಮಿನಲ್ಲಿ ಯಾರಾದರೂ ಮಾತು ತಡವರಿಸಿದಾಗ ‘ಅವರು ಹೇಳಿದ್ದು ಸರಿ ಇದೆ’ ಅಂತ ಒಂದು ವಾಕ್ಯ ನೀವು ಸೇರಿಸಿದ್ದೀರಾ? ಬಾಯಿ ಬಿಡಲು ಅದು ಸುಲಭದ ಜಾಗ. ನಿಮ್ಮ ಸರದಿ ಬಂದಾಗ ಆ ಇನ್ನೊಬ್ಬರು ಬರುತ್ತಾರೆ.

ಈಗ ‘ನಾನು ನಾನಾಗಿ’ ಅನ್ನುವ ಮಾತಿಗೆ ಬರೋಣ. ನಿಮ್ಮ ಪತ್ರ ಓದಿ ನನಗೆ ಒಂದು ಅನುಮಾನ ಬಂತು. ‘ನಾನು ನಾನಾಗಿ ಇರುವುದು’ ಅಂದರೆ ‘ಕಾಜಾಣದ ಹಾಗಿರುವುದು’ ಅಂತ ನೀವು ಅಂದುಕೊಂಡಿದ್ದೀರಿ. ಎರಡೂ ಒಂದೇ ಅಲ್ಲ.

ಗ್ರೇಟ್ ಟಿಟ್ ಅಂತ ಯುರೋಪಿನಲ್ಲಿ ಗುಬ್ಬಚ್ಚಿಗಿಂತ ತುಸು ಚಿಕ್ಕ ಹಕ್ಕಿ ಇದೆ. ಅದರ ಬೂದು ಬಣ್ಣದ ನೆಂಟ ನಮ್ಮಲ್ಲೂ ಇದೆ. ಕಪ್ಪು ತಲೆ, ಬಿಳಿ ಕೆನ್ನೆ, ಎದೆಯ ಮೇಲೆ ಕಪ್ಪು ಟೈ ಕಟ್ಟಿದಂತೆ ಒಂದು ಪಟ್ಟೆ. ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಹತ್ತಿರದ ಕಾಡಿನಲ್ಲಿ ಸಂಶೋಧಕರು ಈ ಹಕ್ಕಿಗಳ ಸ್ವಭಾವ ಅಳೆಯಲು ಹೊರಟರು. ವಿಧಾನ ಬಹಳ ಸರಳ. ಹಕ್ಕಿಯನ್ನು ಹಿಡಿದು ಒಂದು ರಾತ್ರಿ ಇಟ್ಟುಕೊಳ್ಳುವುದು. ಬೆಳಿಗ್ಗೆ ಒಂದು ಖಾಲಿ ಕೋಣೆಗೆ ಬಿಡುವುದು. ಕೋಣೆಯಲ್ಲಿ ಕಟ್ಟಿಗೆಯಿಂದ ಮಾಡಿದ ಐದು ಮರ. ಹೊಸ ಜಾಗವನ್ನು ಹಕ್ಕಿ ಎಷ್ಟು ಬೇಗ ಸುತ್ತಿ ನೋಡುತ್ತದೆ ಅಂತ ಲೆಕ್ಕ ಹಾಕುವುದು. ಆಮೇಲೆ ಹಿಡಿದಲ್ಲಿಗೇ ವಾಪಸ್ ಬಿಡುವುದು.

ಕೆಲವು ಬಿಟ್ಟ ತಕ್ಷಣ ಐದೂ ಮರಕ್ಕೆ ಪುರ್ರನೆ ಹಾರಿದವು. ಕೆಲವು ಒಂದೇ ಕೊಂಬೆಯಲ್ಲಿ ಕೂತು, ಕತ್ತು ಆಚೆ ಈಚೆ ತಿರುಗಿಸಿ, ಎಷ್ಟೋ ಹೊತ್ತಿನ ನಂತರ ಎರಡನೇ ಮರಕ್ಕೆ ಹೋದವು. ಮತ್ತೆ ಪರೀಕ್ಷಿಸಿದಾಗಲೂ ಹಕ್ಕಿಗಳ ನಡತೆ ಹೆಚ್ಚುಕಮ್ಮಿ ಹಾಗೇ ಇತ್ತು. ಮರಿಗಳಿಗೂ ಈ ಗುಣ ಒಂದಿಷ್ಟು ಇಳಿದು ಬಂದಿತ್ತು. ಅಂದರೆ ಹಕ್ಕಿಗಳಲ್ಲೂ ಮುನ್ನುಗ್ಗುವವರು, ಮೂಲೆ ಹಿಡಿಯುವವರು ಇದ್ದಾರೆ.

ನಿಮ್ಮ ಅಣ್ಣ ಆಗಿದ್ದರೆ ಇಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದರು. ಸಂಶೋಧಕರು ಕೊಡಲಿಲ್ಲ. ವರ್ಷಗಟ್ಟಲೆ ಕಾದು, ಯಾವ ಹಕ್ಕಿ ಬದುಕಿತು, ಯಾವುದು ಹೋಯಿತು ಅಂತ ಬರೆದಿಟ್ಟರು. 2004ರಲ್ಲಿ ಫಲಿತಾಂಶ ಬಂತು. ಚಳಿಗಾಲದಲ್ಲಿ ಆಹಾರ ಕಡಿಮೆ ಬಿದ್ದ ವರ್ಷ ಮುನ್ನುಗ್ಗುವ ಹೆಣ್ಣುಗಳು ಜಾಸ್ತಿ ಬದುಕಿದವು. ಬೀಚ್ ಎಂಬ ಕಾಡುಮರ ಭರ್ತಿ ಬೀಜ ಬಿಟ್ಟು, ಆಹಾರಕ್ಕೆ ಕೊರತೆ ಇಲ್ಲದ ವರ್ಷ ಸಂಕೋಚದ ಹೆಣ್ಣುಗಳು ಜಾಸ್ತಿ ಬದುಕಿದವು. ಗಂಡುಗಳಲ್ಲಿ ಪೂರ್ತಿ ಉಲ್ಟಾ! ವರ್ಷ ಬದಲಾದಂತೆ ಗೆಲ್ಲುವ ಸ್ವಭಾವವೂ ಬದಲಾಯಿತು. ಅದಕ್ಕೇ ಎರಡೂ ಸ್ವಭಾವ ಆ ಕಾಡಿನಲ್ಲಿ ಇನ್ನೂ ಉಳಿದಿವೆ. ಒಂದೇ ಸರಿಯಾಗಿದ್ದರೆ ಇನ್ನೊಂದು ಎಂದೋ ಅಳಿದಿರುತ್ತಿತ್ತು.

ಇದಕ್ಕೂ ಮೊದಲಿನ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. ಊಟದ ತಟ್ಟೆಯ ಜಾಗ ಬದಲಿಸಿ ನೋಡಿದರು. ಚುರುಕಿನ ಹಕ್ಕಿಗಳು ಹಳೆಯ ಜಾಗಕ್ಕೇ ಹೋಗಿ ಹೋಗಿ ಬಂದವು. ಅವು ಬೇಗ ಅಭ್ಯಾಸ ಮಾಡಿಕೊಳ್ಳುತ್ತವೆ, ಆದರೆ ಮೇಲುಮೇಲೆ ನೋಡಿರುತ್ತವೆ. ನಿಧಾನದವು ಮೊದಲೇ ಮೂಲೆ ಮೂಲೆ ನೋಡಿಟ್ಟಿದ್ದವು. ಬದಲಾವಣೆ ಅವಕ್ಕೆ ಬೇಗ ತಿಳಿಯಿತು. ನಿಮ್ಮ ಆಫೀಸಿನಲ್ಲಿ ಮೊದಲು ಕೈ ಎತ್ತುವವರು ಯಾರು, ಪ್ಲ್ಯಾನ್ ಕೆಟ್ಟಾಗ ‘ಇಲ್ಲೇ ತಪ್ಪಿದ್ದು’ ಅಂತ ಹೇಳಬಲ್ಲವರು ಯಾರು, ಒಮ್ಮೆ ನೋಡಿ. ಎಷ್ಟೋ ಸಲ ಎರಡನೆಯವರು ಬೇರೆಯವರು. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ಹಾಗಂತ ‘ನಾನು ಹುಟ್ಟಿದ್ದೇ ಹೀಗೆ’ ಅಂತ ಮುದುಡಿ ಕೂರಲು ಇದನ್ನು ನೆಪ ಮಾಡಿಕೊಳ್ಳಬೇಡಿ. ಹುಟ್ಟಿದ್ದು ಎಷ್ಟು, ಕಲಿತಿದ್ದು ಎಷ್ಟು ಅನ್ನುವುದು ಹಕ್ಕಿಗಳಲ್ಲೂ ಗೋಜಲೇ. ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಕಣ್ಣು ಬಿಟ್ಟಾಗಿನಿಂದ ನೋಡುವುದು ಕಾಗೆಯನ್ನೇ, ತಿನ್ನುವುದು ಕಾಗೆ ಕೊಟ್ಟ ತುತ್ತೇ, ಕೇಳುವುದು ಕಾ ಕಾ. ಆದರೂ ಗಂಡು ದೊಡ್ಡದಾದ ಮೇಲೆ ಮಾವಿನ ಮರದಲ್ಲಿ ಕೂತು ಕುಹೂ ಅನ್ನುತ್ತದೆ. ಯಾರೂ ಹೇಳಿಕೊಟ್ಟಿಲ್ಲ, ಆ ಕೂಗು ಹುಟ್ಟಿನಿಂದಲೇ ಬಂದದ್ದು. ಈ ಕಥೆ ನಮಗೆಲ್ಲ ಬಹಳ ಇಷ್ಟ. ಆದರೆ ಅದೇ ಮರದ ಪಕ್ಕದ ಕರೆಂಟ್ ಕಂಬದ ಮೇಲೆ ಬೆಳಗಿನ ಜಾವ ಐದಕ್ಕೇ ಹಾಡುವ ಮಡಿವಾಳ ಹಕ್ಕಿ ಬೇರೆ ಥರ. ಹಾಡುಹಕ್ಕಿಗಳ ಮರಿಗಳು ದೊಡ್ಡವರ ಹಾಡು ಕೇಳಿ, ಮೊದಲು ತೊದಲಿ, ತಪ್ಪಾಗಿ ಹಾಡಿ, ತಿದ್ದಿಕೊಂಡು ಕಲಿಯುತ್ತವೆ. 1950ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಚಾಫಿಂಚ್ ಎಂಬ ಹಾಡುಹಕ್ಕಿಯ ಮರಿಗಳನ್ನು ಯಾರ ಹಾಡೂ ಕೇಳದಂತೆ ಬೆಳೆಸಿದರು. ಅವು ಹಾಡಿದವು, ಆದರೆ ಸರಿಯಾದ ಹಾಡು ಬರಲಿಲ್ಲ. ಮಡಿವಾಳ ಬೇರೆ ಹಕ್ಕಿಗಳ ಕೂಗನ್ನೂ ಎತ್ತಿಕೊಂಡು ತನ್ನ ಹಾಡಿಗೆ ಸೇರಿಸುತ್ತದೆ. ಸಾಲ ತಂದ ಸ್ವರ ಇದೆ ಅಂತ ಅದು ತನ್ನ ಹಾಡಲ್ಲ ಅನ್ನಲು ಆಗುತ್ತದಾ? ನೀವು ಮೀಟಿಂಗ್‌ನಲ್ಲಿ ಮಾತಾಡುವುದನ್ನು ಇನ್ನೊಬ್ಬರನ್ನು ನೋಡಿ ಕಲಿತರೆ ‘ನಾನು ನಾನಾಗಿ ಉಳಿಯಲಿಲ್ಲ’ ಅಂತ ಕೊರಗಬೇಕಿಲ್ಲ. ಶುರುವಿನಲ್ಲಿ ತೊದಲುತ್ತೀರಿ. ಮಡಿವಾಳವೂ ತೊದಲಿದ್ದೇ.

ಭಯ ಕೂಡ ಕಲಿಯುವ, ಮರೆಯುವ ವಸ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರ ಮಧ್ಯದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಟ್ರ್ಯಾಕ್ಟರ್ ಹೋಗುತ್ತದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ, ಮೇಲೆ ಮರಿಗಳು ಕಿರುಚುತ್ತವೆ. ಬೇರೆ ಕಡೆ ಮನುಷ್ಯರನ್ನು ದೂರದಲ್ಲಿ ಕಂಡರೇ ಹಾರಿಹೋಗುವ ಹಕ್ಕಿಗಳು ಇವೇ. ಇಲ್ಲಿ ಅವಕ್ಕೆ ಹೊಸ ಧೈರ್ಯ ಬಂದಿಲ್ಲ. ಊರಿನವರು ತಲೆಮಾರುಗಳಿಂದ ಕಲ್ಲು ಎಸೆದಿಲ್ಲ. ಆದ್ದರಿಂದ ನಿಮಗೆ ಬಾಯಿ ಬಾರದಿರುವುದು ಎಲ್ಲ ಮೀಟಿಂಗ್‌ನಲ್ಲೂ ಹೌದಾ, ಅಥವಾ ಒಬ್ಬರೋ ಇಬ್ಬರೋ ಇರುವ ಮೀಟಿಂಗ್‌ನಲ್ಲಿ ಮಾತ್ರವಾ ಅಂತ ನೋಡಿ. ಎರಡನೆಯದಾದರೆ, ತೊಂದರೆ ಹಕ್ಕಿಯದ್ದಲ್ಲ, ಮರದ ಕೆಳಗಿರುವವರದ್ದು.

ಮಾತಾಡಲೇಬೇಕಾದ ದಿನಕ್ಕೆ ಒಂದು ಉಪಾಯ ಹೇಳುತ್ತೇನೆ, ಪಟ್ಟೆತಲೆ ಹೆಬ್ಬಾತಿನದ್ದು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ತುಂಬ ಇವೇ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಬೆಳಿಗ್ಗೆ ಹೊಲದಿಂದ ಕೆರೆಗೆ ಸಾಲುಸಾಲಾಗಿ ಇಳಿಯುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಎವರೆಸ್ಟ್ ಮೇಲೆ ಹಾರುವ ಹಕ್ಕಿ ಅಂತ ಇದಕ್ಕೆ ಹೆಸರು. ಅವುಗಳ ಮೈಗೆ ಯಂತ್ರ ಅಳವಡಿಸಿ ನೋಡಿದಾಗ ಕಂಡದ್ದು ಬೇರೆ. 7,290 ಮೀಟರ್‌ವರೆಗೆ ಹೋದದ್ದು ದಾಖಲಾಗಿದೆ ನಿಜ, ಆದರೆ ಅವು ಎತ್ತರದಲ್ಲೇ ಉಳಿಯುವುದಿಲ್ಲ. ಬೆಟ್ಟ ಬಂದರೆ ಏರಿ, ಕಣಿವೆ ಬಂದರೆ ಇಳಿದು, ನೆಲದ ಏರಿಳಿತ ಹಿಡಿದೇ ಹೋಗುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಬಿಟ್ಟು ಇಳಿಯುವುದು ದಡ್ಡತನದಂತೆ ಕಾಣುತ್ತದೆ. ಆದರೆ ಮೇಲಿನ ತೆಳು ಗಾಳಿಯಲ್ಲಿ ಹಾರುವ ಶ್ರಮ ಬಹಳ ಜಾಸ್ತಿ. ಇಳಿದು ಏರುವುದೇ ಅಗ್ಗ. ಹೆಚ್ಚಾಗಿ ರಾತ್ರಿ, ಇಲ್ಲವೇ ಬೆಳಗಿನ ಜಾವ, ಗಾಳಿ ತಣ್ಣಗೆ ದಟ್ಟವಾಗಿ ಇರುವಾಗ ಹೊರಡುತ್ತವೆ.

ನೀವೂ ಇಡೀ ಗಂಟೆ ಮಾತುಗಾರ್ತಿ ಆಗಿರಬೇಕಾಗಿಲ್ಲ. ಆ ಮೀಟಿಂಗ್‌ನಲ್ಲಿ ನೀವು ಬಿಟ್ಟುಕೊಡಲಾಗದ ಮೊಟ್ಟೆ ಯಾವುದು ಅಂತ ಹಿಂದಿನ ರಾತ್ರಿ ನೋಡಿಟ್ಟುಕೊಳ್ಳಿ. ಒಂದೇ ಒಂದು. ಅದನ್ನು ಎರಡು ವಾಕ್ಯದಲ್ಲಿ ಬರೆದುಕೊಳ್ಳಿ. ಅದಕ್ಕೆ ಕೈ ಹಾಕಿದಾಗ ಏರಿ, ಹೇಳಿ, ಇಳಿದುಬಿಡಿ. ಉಳಿದ ಹೊತ್ತು ಸುಮ್ನೆ ಕೂತು ನೋಡಿ. ನೋಡುವುದು ನಿಮಗೆ ಬರುತ್ತದೆ, ಇಲ್ಲದಿದ್ದರೆ ಕೆರೆ ಏರಿ ಮೇಲೆ ನಡೆಯುವ ಅಷ್ಟು ಜನರಲ್ಲಿ ಆ ಕಾಜಾಣ ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದು ಮಾತು ಮಾತ್ರ ಗಂಭೀರವಾಗಿ. ಮೀಟಿಂಗ್ ಅಂದರೆ ಕೈ ನಡುಗಿ, ಎದೆ ಹೊಡೆದುಕೊಂಡು, ಹಿಂದಿನ ರಾತ್ರಿ ನಿದ್ದೆ ಬಾರದಷ್ಟು ಆಗುತ್ತಿದ್ದರೆ ಹಕ್ಕಿ ನೋಡುವವಳನ್ನು ಕೇಳುತ್ತಾ ಕೂರಬೇಡಿ. ಒಳ್ಳೆಯ ಆಪ್ತಸಮಾಲೋಚಕರನ್ನು ಕಾಣಿ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ವಾ, ಹಾಗೆ.

ನಿಮ್ಮ ಕಾಜಾಣದ ಬಗ್ಗೆ ನನಗೊಂದು ಕುತೂಹಲ ಉಳಿಯಿತು. ಹದ್ದನ್ನು ಅಟ್ಟಿ ವಾಪಸ್ ಬಂದು ಅದು ಯಾವ ಮರದಲ್ಲಿ ಕೂತಿತು? ನಾಳೆ ಅಲ್ಲೇ ಒಂದು ಹದಿನೈದು ನಿಮಿಷ ನಿಂತು ನೋಡಿ, ಮರದಿಂದ ಸಾಕಷ್ಟು ದೂರದಲ್ಲಿ. ಕೊಂಬೆ ಕವಲಿನಲ್ಲಿ ಅಂಗೈಯಷ್ಟು ಅಗಲದ ಬಟ್ಟಲಿನಂಥ ಗೂಡು ಇರಬಹುದು. ಅದೇ ಮರದಲ್ಲಿ ಕೆಳಗಡೆ ಎಲ್ಲಾದರೂ ಬೆಳವ ಕೂತಿದೆಯಾ, ಅದನ್ನೂ ನೋಡಿ ಬರೆಯಿರಿ.